ಮೀಟರಕ್ಕನ ಮೂರು ಚೀಟಿ

ಬಂದರಿನ ಮರದ ಯಾರ್ಡಿನಲ್ಲಿ ಮೀಟರಕ್ಕ ಸಹಿ ಹಾಕಿದಳೆಂದರೆ ಮುಗಿಯಿತು, ಆಮೇಲೆ ಯಾರೂ ಸೊಲ್ಲೆತ್ತುತ್ತಿರಲಿಲ್ಲ. ತೂಕದ ಯಂತ್ರವಿರಲಿ, ಪಂಪಿನ ಒತ್ತಡ ತೋರಿಸುವ ಗೇಜಿರಲಿ, ಕ್ರೇನಿನ ಗಾಳಿ ಮೀಟರಿರಲಿ, ಯಾವುದರ ಮುಳ್ಳು ಹಟ ಹಿಡಿದರೂ ಕರೆ ಬರುತ್ತಿದ್ದದ್ದು ಆಕೆಗೇ. ಬೂದು ಬಣ್ಣದ ಪೆಟ್ಟಿಗೆಯೊಂದನ್ನು ಹೆಗಲಿಗೆ ತೂಗುಹಾಕಿಕೊಂಡು ಬರುವಳು. ಅದರೊಳಗೆ ಒಂದು ಹಳೆಯ ಸ್ಕೋಪು. ತಂತಿಯಲ್ಲಿ ವಿದ್ಯುತ್ತು ಏರಿ ಇಳಿಯುವುದನ್ನು ಪರದೆಯ ಮೇಲೆ ಹಸಿರು ಗೆರೆಯಾಗಿ ತೋರಿಸುವ ಯಂತ್ರ. ಅದರ ತಂತಿ ತಗುಲಿಸುವಳು, ಗೆರೆ ನೋಡುವಳು, ಅಂಗೈಯಗಲದ ನೀಲಿ ಚೀಟಿಯಲ್ಲಿ ‘ಸರಿ ಇದೆ’ ಎಂದೋ ‘ಸರಿ ಇಲ್ಲ’ ಎಂದೋ ಬರೆದು ಸಹಿ ಹಾಕಿ ಬಂದ ದಾರಿ ಹಿಡಿಯುವಳು. ಮೂವತ್ತು ವರ್ಷಗಳಲ್ಲಿ ಆಕೆ ಬರೆದ ಒಂದು ಚೀಟಿಯೂ ತಪ್ಪೆಂದು ವಾಪಸು ಬಂದಿರಲಿಲ್ಲ. ಇದನ್ನು ಆಕೆ ತಾನಾಗಿ ಯಾರಿಗೂ ಹೇಳುತ್ತಿರಲಿಲ್ಲ. ಆದರೆ ಬೇರೆಯವರು ಹೇಳುವಾಗ ಎದ್ದು ಹೋಗುತ್ತಲೂ ಇರಲಿಲ್ಲ.

ಹಾಗೆಂದು ಹುಟ್ಟುವಾಗಲೇ ಕೈಯಲ್ಲಿ ಮೀಟರು ಹಿಡಿದುಕೊಂಡು ಬಂದವಳಲ್ಲ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಮೀಟರು ಕೋಣೆಗೆ ಕಾಲಿಟ್ಟದ್ದು ಪೊರಕೆ ಹಿಡಿದುಕೊಂಡು. ಆಗ ಆ ಕೋಣೆಯ ಯಜಮಾನಿಕೆ ದೊಡ್ಡ ಮೇಷ್ಟ್ರದು. ಶಾಲೆಯ ಮೇಷ್ಟ್ರಲ್ಲ, ಮೀಟರು ರಿಪೇರಿಯಲ್ಲಿ ಎತ್ತಿದ ಕೈ ಅಂತ ಜನ ಕೊಟ್ಟ ಹೆಸರು. ಕೋಪ ಮೂಗಿನ ತುದಿಯಲ್ಲೇ. ಹಿಂದೆ ಗುಡಿಸಲು ಬಂದವರೆಲ್ಲ ಅವರು ಬಿಚ್ಚಿಟ್ಟ ಸ್ಕ್ರೂಗಳನ್ನು ಒಂದು ಮೂಲೆಗೆ ಗುಡ್ಡೆ ಹಾಕಿ, ವಾಚಾಮಗೋಚರ ಬೈಸಿಕೊಂಡು ಓಡಿಹೋಗಿದ್ದರು. ಈ ಹುಡುಗಿ ಒಂದೊಂದು ಸ್ಕ್ರೂವನ್ನೂ ಎತ್ತಿ, ಕೆಳಗೆ ಒರೆಸಿ, ಅದರ ತಲೆ ಯಾವ ಕಡೆಗಿತ್ತೋ ಅದೇ ಕಡೆಗೆ ಇಟ್ಟು ಮುಂದಕ್ಕೆ ಹೋಗುತ್ತಿದ್ದಳು. ಹದಿನೈದು ದಿನ ಓರೆಗಣ್ಣಲ್ಲಿ ನೋಡಿದ ಮೇಷ್ಟ್ರು ಹದಿನಾರನೆಯ ದಿನ, “ಇಷ್ಟು ಸರಿಯಾಗಿ ವಾಪಸ್ ಇಡೋಳು ಬಿಚ್ಚೋದನ್ನೂ ಕಲೀಬಹುದು. ಪೊರಕೆ ಆ ಕಡೆ ಇಡು, ಇದನ್ನ ಹಿಡಿ” ಎಂದು ಸ್ಕ್ರೂಡ್ರೈವರ್ ಕೊಟ್ಟರು. ಅವರು ತೀರಿಕೊಂಡು ಹನ್ನೆರಡು ವರ್ಷವಾಗಿದೆ. ಇವತ್ತಿಗೂ ಮೀಟರಕ್ಕ ಅವರ ಮಾತೆತ್ತಿದರೆ ಕುಳಿತಲ್ಲೇ ನೆಟ್ಟಗಾಗುತ್ತಾಳೆ.

ಆಮೇಲೆ ಸಂಜೆ ತರಗತಿ, ಮೂರು ವರ್ಷ. ಕಂಕುಳಲ್ಲಿ ಮಗು, ಒಲೆಯ ಮುಂದೆ ರಾಶಿ ಕೆಲಸ, ಓದುವುದು ಹೇಗೆ? ಆಗ ಬೆನ್ನಿಗೆ ನಿಂತದ್ದು ಅತ್ತೆ. ಅತ್ತೆಯರ ಬಗ್ಗೆ ಲೋಕ ಏನೇನೋ ಹೇಳುತ್ತದೆ, ಹೇಳಿಕೊಳ್ಳಲಿ, ಈ ಅತ್ತೆ ಮಾತ್ರ ಮಗುವನ್ನು ಸೊಸೆಯ ಕೈಯಿಂದ ಕಿತ್ತುಕೊಂಡು, “ನೀನು ಓದೋಕೆ ಹೋಗಮ್ಮ. ಪಾತ್ರೆ ಎಲ್ಲಿಗೂ ಓಡಿಹೋಗಲ್ಲ. ಓಡಿಹೋದ್ರೂ ನಾನು ಹಿಡ್ಕೊಂಡು ಬಂದು ತೊಳೀತೀನಿ” ಎಂದಿದ್ದರು. ಸರ್ಟಿಫಿಕೇಟಿನಲ್ಲಿ ಒಂದೇ ಹೆಸರಿಗೆ ಜಾಗ ಬಿಟ್ಟಿರುತ್ತಾರಲ್ಲ, ಅದು ಅಚ್ಚು ಹಾಕುವವರ ಬುದ್ಧಿಗೇಡಿತನ ಎಂದು ಮೀಟರಕ್ಕ ಈಗಲೂ ಹೇಳುತ್ತಾಳೆ.

ಇಂತಿಪ್ಪ ಮೀಟರಕ್ಕನಿಗೆ ಐವತ್ತಮೂರನೆಯ ವಯಸ್ಸಿನಲ್ಲಿ ಒಂದು ಮುಳ್ಳು ಎದುರಾಯಿತು. ಅದು ಮೆಲ್ಲಣ್ಣನ ಕ್ರೇನಿನ ಗಾಳಿ ಮೀಟರಿನ ಮುಳ್ಳು.

ಮೆಲ್ಲಣ್ಣ ಹದಿನಾರು ವರ್ಷಗಳಿಂದ ಅದೇ ಕ್ರೇನು ನಡೆಸುತ್ತಿದ್ದ ಚಾಲಕ. ಮಲಗಿದ ಕೂಸನ್ನು ತೊಟ್ಟಿಲಿಗೆ ಇಳಿಸುವ ಹಾಗೆ ಮರದ ದಿಮ್ಮಿಗಳನ್ನು ಸದ್ದಿಲ್ಲದೆ ನೆಲಕ್ಕೆ ಇಳಿಸುತ್ತಿದ್ದನಾದ್ದರಿಂದ ಆ ಹೆಸರು. ಮಾತೂ ಹಾಗೆಯೇ, ಕೇಳಿಸಿಕೊಳ್ಳಬೇಕಾದರೆ ಹತ್ತಿರ ಹೋಗಬೇಕು. ಕ್ರೇನಿನ ಕೆಳಗೆ ದಿಮ್ಮಿಗಳಿಗೆ ಸರಪಳಿ ಬಿಗಿಯುವ ಆರು ಜನರಿದ್ದರು. ಅವರು ಬೇರೆ ಯಾವ ಚಾಲಕನನ್ನು ಬೈದರೂ ಇವನನ್ನು ಬೈದದ್ದಿಲ್ಲ.

ಕ್ರೇನಿನ ತುತ್ತತುದಿಯಲ್ಲಿ ಮೂರು ಪುಟ್ಟ ಬಟ್ಟಲುಗಳು ಗಾಳಿಗೆ ತಿರುಗುತ್ತವೆ. ಒಂದೊಂದು ಸುತ್ತಿಗೂ ತಂತಿಯಲ್ಲಿ ಕೆಲವು ಬಡಿತಗಳು ಇಳಿದು ಬರುತ್ತವೆ, ನಾಡಿ ಬಡಿದ ಹಾಗೆ. ಗಾಳಿ ಜೋರಾದಷ್ಟೂ ಬಡಿತ ಬಿರುಸು. ಚಾಲಕನ ಕ್ಯಾಬಿನ್ನಿನಲ್ಲಿ ಅಂಗೈಯಗಲದ ಒಂದು ಬೋರ್ಡ್ ಇದೆ. ಬಡಿತ ಎಷ್ಟು ಬಿರುಸೋ ಅಷ್ಟು ವೋಲ್ಟೇಜು ಮಾಡಿ ಕೊಡುವುದು ಅದರ ಕೆಲಸ. ಆ ವೋಲ್ಟೇಜು ಮುಳ್ಳನ್ನು ಎತ್ತುತ್ತದೆ. ಮುಳ್ಳು ಸೆಕೆಂಡಿಗೆ ಹದಿನೈದು ಮೀಟರಿನ ಕೆಂಪು ಗೆರೆ ದಾಟಿದರೆ ಎತ್ತುವುದು ಬಂದ್. ಹದಿನೈದಕ್ಕಿಂತ ಹೆಚ್ಚಿನ ಗಾಳಿಯಲ್ಲಿ ನಾಲ್ಕು ಟನ್ ದಿಮ್ಮಿ ಗಾಳಿಪಟವಾಗುತ್ತದೆ, ಕೆಳಗೆ ಆರು ಜನ ನಿಂತಿರುತ್ತಾರೆ.

ಆ ತಿಂಗಳು ಮೆಲ್ಲಣ್ಣ ಮೂರು ಸಲ ಕೆಲಸ ನಿಲ್ಲಿಸಿದ. ಮೂರು ಸಲವೂ ಅವನ ದೂರು ಒಂದೇ: ಕೊಕ್ಕೆ ತೂಗಾಡುತ್ತಿದೆ, ಕ್ಯಾಬಿನ್ನು ನರಳುತ್ತಿದೆ, ಗಾಳಿ ವಿಪರೀತ, ಆದರೆ ಮೀಟರಿನ ಮುಳ್ಳು ಸೊನ್ನೆಯ ಮೇಲೆ ಗಡದ್ದಾಗಿ ಮಲಗಿದೆ. ಕೆಳಗೆ ಗೋದಾಮುಗಳ ಮರೆಯಲ್ಲಿ ಎಲೆಯೂ ಅಲುಗದು. ಅಲ್ಲಿ ನಿಂತ ಸೂಪರ್‌ವೈಸರ್ ಮೇಲೆ ನೋಡಿ, “ಎಲ್ಲಿದೆಯಪ್ಪಾ ಗಾಳಿ? ನಿನ್ನ ತಲೆಯೊಳಗಾ?” ಎಂದು ಕೂಗಿದ. ಪ್ರತಿ ಸಲವೂ ಮೀಟರಕ್ಕನನ್ನು ಕರೆಸಿದರು. ಆಕೆ ಪೆಟ್ಟಿಗೆ ಹೊತ್ತು ನೂರಾ ನಲವತ್ತೆರಡು ಮೆಟ್ಟಿಲು ಹತ್ತಿ, ಮಂಡಿ ಹಿಡಿದುಕೊಂಡು ಸುಧಾರಿಸಿಕೊಂಡು, ಸ್ಕೋಪಿನ ತಂತಿ ತಗುಲಿಸಿದಳು. ಅಷ್ಟು ಹೊತ್ತಿಗೆ ಗಾಳಿಯ ಅಬ್ಬರ ಇಳಿದಿರುತ್ತಿತ್ತು. ಪರದೆಯ ಮೇಲೆ ಬಡಿತಗಳು ಸಾಲಾಗಿ ಮುತ್ತು ಪೋಣಿಸಿದಂತೆ ಬರುತ್ತಿದ್ದವು. ಮುಳ್ಳು ಎಂಟೋ ಒಂಬತ್ತೋ ತೋರಿಸುತ್ತಿತ್ತು, ಬಡಿತದ ಲೆಕ್ಕಕ್ಕೆ ಕರಾರುವಾಕ್ಕು. ಬಡಿತ ಸಣ್ಣದಾಗಿ ಹೋಗಿದೆಯೇ ಎಂದು ನೋಡಿದಳು, ಇಲ್ಲ. ಉದ್ದ ತಂತಿಯಲ್ಲಿ ಉಪ್ಪು ಗಾಳಿಗೆ ತುಕ್ಕು ಹಿಡಿದಿದೆಯೇ ಎಂದು ಜೋಡಣೆಗಳನ್ನೆಲ್ಲ ಉಜ್ಜಿದಳು, ಇಲ್ಲ. ಮೋಟರಿನ ಗದ್ದಲ ತಂತಿಗೆ ನುಗ್ಗುತ್ತಿದೆಯೇ ಎಂದು ಮೋಟರು ಓಡಿಸಿ ನೋಡಿದಳು, ಅದೂ ಇಲ್ಲ. ‘ಸರಿ ಇದೆ’ ಎಂದು ಬರೆದಳು. ಹೀಗೆ ಮೂರು ಚೀಟಿ.

ಮೂರು ಚೀಟಿ ಸೇರಿ ಒಂದು ಆರೋಪವಾಯಿತು. ಮೀಟರು ಸರಿ ಇದೆ. ಮುಳ್ಳು ಸೊನ್ನೆ ತೋರಿಸಿತ್ತೆಂದು ಚಾಲಕನೇ ಹೇಳುತ್ತಾನೆ. ಅಂದ ಮೇಲೆ ಗಾಳಿ ಇರಲಿಲ್ಲ. ಗಾಳಿ ಇಲ್ಲದೆ ಕೆಲಸ ನಿಲ್ಲಿಸಿದ್ದಾನೆ, ಹಡಗು ಮೂರು ದಿನ ತಡವಾಗಿದೆ. ಸೂಪರ್‌ವೈಸರ್ ಇದನ್ನು ಸೊಗಸಾಗಿ ಬರೆದು ಮ್ಯಾನೇಜರಿಗೆ ಕೊಟ್ಟ. ಶುಕ್ರವಾರ ಮಧ್ಯಾಹ್ನ ಮೂರಕ್ಕೆ ವಿಚಾರಣೆ, ಅಲ್ಲಿಯವರೆಗೆ ಕ್ರೇನಿಗೆ ಬೀಗ. ತಪ್ಪೆಂದು ಕಂಡರೆ ಮೆಲ್ಲಣ್ಣ ಇನ್ನು ಮುಂದೆ ಕ್ರೇನು ಹತ್ತುವ ಹಾಗಿಲ್ಲ, ಬೇರೊಬ್ಬನನ್ನು ಹತ್ತಿಸುತ್ತಾರೆ.

ಗುರುವಾರ ಮೆಲ್ಲಣ್ಣ ಮೀಟರು ಕೋಣೆಗೆ ಬಂದ. ಹದಿನಾರು ವರ್ಷದಲ್ಲಿ ಅದೇ ಮೊದಲು. ಬಾಗಿಲಲ್ಲೇ ನಿಂತ.

“ಅಕ್ಕಾ, ಒಂದು ಮಾತು. ತಪ್ಪು ತಿಳ್ಕೋಬೇಡಿ.”

“ತಪ್ಪು ತಿಳ್ಕೊಳ್ಳೋ ಮಾತು ಆಡೋರೇ ಹೀಗೆ ಶುರು ಮಾಡೋದು. ಹೇಳು.”

“ಒಂದ್ಸಲ ಮೇಲಕ್ಕೆ ಬರಿಗೈಲಿ ಬನ್ನಿ. ಪೆಟ್ಟಿಗೆ ಬೇಡ.”

“ಪೆಟ್ಟಿಗೆ ಇಲ್ದೆ ಬಂದು ಏನು ಮಾಡ್ಲಿ? ಊದುಬತ್ತಿ ಹಚ್ಚಲಾ?”

ಮೆಲ್ಲಣ್ಣ ನಗಲಿಲ್ಲ. “ನೀವು ತಂತಿ ಹಾಕಿದ ತಕ್ಷಣ ಅದು ಎದ್ದು ನಿಲ್ಲುತ್ತೆ ಅಕ್ಕಾ. ಹೆಡ್ ಮಾಸ್ಟರ್ ಬಂದ ಹಾಗೆ. ನೀವು ತೆಗೆದುಕೊಂಡು ಹೋದ್ರೆ ಮತ್ತೆ ಮಲಗುತ್ತೆ. ಇನ್ನೊಂದು, ದಿನಾ ಹೀಗಾಗಲ್ಲ. ಬೆಳಿಗ್ಗೆ ತಂಪು ಇದ್ದಾಗ ಸರಿಯಾಗೇ ಇರುತ್ತೆ. ಬಟ್ಟೆ ಚೆನ್ನಾಗಿ ಒಣಗುತ್ತಲ್ಲ, ಅಂಥ ದಿನ ಮಧ್ಯಾಹ್ನ ಸಾಯುತ್ತೆ. ಆ ಮೂರು ದಿನಾನೂ ನಮ್ಮ ಮನೇಲಿ ಒಂದೇ ಗಂಟೇಲಿ ಬಟ್ಟೆ ಒಣಗಿತ್ತು. ನಾನೇ ಹರವಿದ್ದು, ಅದಕ್ಕೇ ಗೊತ್ತು.”

ಮೀಟರಕ್ಕನಿಗೆ ರೇಗಿತು. ಮೂವತ್ತು ವರ್ಷ ಹಸಿರು ಗೆರೆ ನೋಡಿದವಳಿಗೆ ಒಗೆದ ಬಟ್ಟೆಯ ಪಾಠವೇ? “ತಮ್ಮಾ, ಮೀಟರಿಗೆ ನನ್ನ ಗುರುತಿಲ್ಲ. ಅದು ಬಡಿತ ಬಂದ್ರೆ ಏಳುತ್ತೆ, ಬರದಿದ್ರೆ ಇಲ್ಲ. ನೀನು ಹೋಗು, ನನಗೆ ಕೆಲಸ ಇದೆ” ಎಂದಳು. ಕೆಲಸವೇನೂ ಇರಲಿಲ್ಲ. ಅವನು “ಆಯ್ತಕ್ಕಾ” ಎಂದು ಹೊರಟ. ಹೋಗುವಾಗ ಬಾಗಿಲನ್ನೂ ಮೆಲ್ಲಗೇ ಹಾಕಿಕೊಂಡು ಹೋದ. ಅದು ಆಕೆಗೆ ಇನ್ನಷ್ಟು ಚುಚ್ಚಿತು.

ಸಂಜೆ ಮನೆಯಲ್ಲಿ ಮುಖ ಊದಿಸಿಕೊಂಡು ಕೂತವಳನ್ನು ಅತ್ತೆ ಮಾತಾಡಿಸಿದರು. ಅವರಿಗೀಗ ಎಂಬತ್ತೊಂದು, ಕಾಲು ಸೋತಿದೆ, ನಾಲಿಗೆ ಮಾತ್ರ ಮೊನ್ನೆ ಸಾಣೆ ಹಿಡಿದ ಹಾಗಿದೆ. ಸೊಸೆ ನಡೆದದ್ದೆಲ್ಲ ಹೇಳಿ, “ನಾನು ಇದ್ದಾಗ ಒಂಥರ, ಇಲ್ಲದಾಗ ಒಂಥರ ಇರುತ್ತಂತೆ. ಮೀಟರೇನು ಮನುಷ್ಯನಾ?” ಎಂದಳು.

ಅತ್ತೆ ಕಾಲು ನೀವಿಕೊಳ್ಳುತ್ತ ಹೇಳಿದರು: “ನೀನು ಮದುವೆಯಾಗಿ ಬಂದ ಹೊಸದರಲ್ಲಿ ನಾನು ಅಡುಗೆಮನೆಗೆ ಬಂದ್ರೆ ಸಾಕು, ಚಕಚಕ ಅಂತ ಕೆಲಸ ಮಾಡ್ತಿದ್ದೆ. ನಾನು ಇಲ್ದಾಗ ಹೇಗಿರ್ತಿದ್ದೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಹೇಗೆ ಗೊತ್ತಾಗ್ಬೇಕು? ನೋಡ್ಬೇಕು ಅಂದ್ರೆ ನಾನು ಬರ್ಲೇಬೇಕಲ್ಲ.”

ಮೀಟರಕ್ಕ ಮನಸ್ಸಿನಲ್ಲೇ ಲೆಕ್ಕ ಹಾಕತೊಡಗಿದಳು. ಆ ಮುಳ್ಳನ್ನು ತಾನು ಸ್ಕೋಪು ತಗುಲಿಸದೆ ಒಂದು ಸಲವಾದರೂ ನೋಡಿದ್ದೇನೆಯೇ? ಮೂರು ಸಲವೂ ಹತ್ತಿದ ಕೂಡಲೇ ಮೊದಲು ಮಾಡಿದ ಕೆಲಸ ತಂತಿ ಚುಚ್ಚಿದ್ದು, ಕೊನೆಗೆ ಮಾಡಿದ್ದು ತಂತಿ ಕಿತ್ತು ಬೆನ್ನು ತಿರುಗಿಸಿ ಇಳಿದದ್ದು.

ಶುಕ್ರವಾರ ಬೆಳಗಾದಾಗ ಒಣಗಾಳಿ ಎದ್ದಿತ್ತು. ಮೀಟರಕ್ಕ ಕಚೇರಿಯಿಂದ ಕ್ರೇನಿನ ಬೀಗದ ಕೈ ಇಸಿದುಕೊಂಡು ಗೋದಾಮಿನ ಪಕ್ಕ ಕಲ್ಲಿನ ಮೇಲೆ ಕೂತಿದ್ದ ಮೆಲ್ಲಣ್ಣನ ಮುಂದೆ ಹೋಗಿ ನಿಂತಳು. ಎರಡೂ ಕೈ ತೋರಿಸಿದಳು. ಕೈಯಲ್ಲಿ ಏನೂ ಇರಲಿಲ್ಲ.

“ನಡಿ, ಹತ್ತೋಣ.”

ನೂರಾ ನಲವತ್ತೆರಡು ಮೆಟ್ಟಿಲು. ನಡುದಾರಿಯಲ್ಲಿ ಗೋದಾಮುಗಳ ಮಾಡು ದಾಟಿದ್ದೇ ತಡ, ಗಾಳಿ ಸೆರಗು ಕಿತ್ತುಕೊಂಡು ಹೋಗುವ ಹಾಗೆ ಬೀಸಿತು. ಕ್ಯಾಬಿನ್ನು ಕಿರುಗುಟ್ಟುತ್ತಿತ್ತು. ಗಾಜಿನಾಚೆ ಖಾಲಿ ಕೊಕ್ಕೆ ಅತ್ತಿತ್ತ ಓಲಾಡುತ್ತಿತ್ತು, ಮೇಲೆ ಬಟ್ಟಲುಗಳು ಕಣ್ಣಿಗೆ ಕಾಣದಷ್ಟು ಬಿರುಸಾಗಿ ತಿರುಗುತ್ತಿದ್ದವು. ಮೀಟರಿಗೆ ವಿದ್ಯುತ್ತು ಕೊಟ್ಟರು. ಮುಳ್ಳು ಸೊನ್ನೆಯಲ್ಲಿ ಮಲಗಿತ್ತು, ಏನೂ ನಡೆದೇ ಇಲ್ಲವೆಂಬಂತೆ.

ಮೀಟರಕ್ಕ ಒಂದು ನಿಮಿಷ ನೋಡಿದಳು, ಎರಡು ನಿಮಿಷ ನೋಡಿದಳು. ಮೆಲ್ಲಣ್ಣ ‘ನಾನು ಹೇಳಲಿಲ್ಲವಾ’ ಎನ್ನಬಹುದಿತ್ತು, ಬೇರೆ ಯಾರಾದರೂ ಆಗಿದ್ದರೆ ಅನ್ನುತ್ತಿದ್ದರು. ಅವನು, “ಪೆಟ್ಟಿಗೆ ತರ್ತೀನಿ ಅಕ್ಕಾ, ನೀವು ಕೂತ್ಕೊಳ್ಳಿ” ಎಂದು ತನ್ನ ಕುರ್ಚಿ ಒರೆಸಿಕೊಟ್ಟು ಇಳಿದುಹೋದ.

ಆಕೆ ಕುರ್ಚಿಯಲ್ಲಿ ಒಬ್ಬಳೇ ಕೂತು ಮೊದಲಿಂದ ನೆನಪು ಮಾಡಿಕೊಂಡಳು. ಹೋದ ಬೇಸಿಗೆಯಲ್ಲಿ ಬಟ್ಟಲುಗಳ ಕೆಳಗಿನ ಹಳೆಯ ಸೆನ್ಸರು ತುಕ್ಕು ತಿಂದು ಹೋಗಿತ್ತು. ಅದು ಬರೀ ತಂತಿ ಸುತ್ತಿದ ಕಾಯಿಲು. ಅದರ ಬದಲು ಬಂದ ಹೊಸ ಸೆನ್ಸರು ಬಡಿತವನ್ನು ಆರು ವೋಲ್ಟಿನ ಮೇಲೆ ಕೂರಿಸಿ ಕಳಿಸುತ್ತಿತ್ತು. ಅಷ್ಟೆತ್ತರದ್ದು ಬೋರ್ಡಿಗೆ ಆಗಿಬರುವುದಿಲ್ಲ. ಬೋರ್ಡಿನ ಬಾಗಿಲಲ್ಲಿ, ಅಂದರೆ ಬಡಿತ ಒಳಬರುವ ಜಾಗದಲ್ಲಿ, ಒಂದು ಹೊಸ್ತಿಲಿದೆ ಎಂದುಕೊಳ್ಳಿ. ಪ್ರತಿ ಬಡಿತವೂ ಆ ಹೊಸ್ತಿಲನ್ನು ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ ದಾಟಬೇಕು. ದಾಟಿದರೆ ಲೆಕ್ಕಕ್ಕೆ. ಅಟ್ಟದ ಮೇಲೇ ಎಷ್ಟು ಕುಣಿದರೂ ಲೆಕ್ಕಕ್ಕಿಲ್ಲ. ಅದಕ್ಕೇ ಆಕೆ ನಡುವೆ ಒಂದು ಕೆಪಾಸಿಟರ್ ಹಾಕಿದ್ದಳು. ನಿಂತ ವೋಲ್ಟೇಜನ್ನು ಅದು ಆಚೆಯೇ ತಡೆದು ಕುಣಿತವನ್ನಷ್ಟೇ ಒಳಗೆ ಬಿಡುತ್ತದೆ. ಸರಿಯಾದ ಕೆಲಸ, ದೊಡ್ಡ ಮೇಷ್ಟ್ರು ಇದ್ದರೂ ಅದನ್ನೇ ಮಾಡುತ್ತಿದ್ದರು.

ಆದರೆ ಅವರು ಇನ್ನೊಂದನ್ನೂ ಮಾಡುತ್ತಿದ್ದರು. ಹಳೆಯ ಕಾಯಿಲು ಬಡಿತ ಕೊಡುವುದರ ಜೊತೆಗೆ, ಯಾರೂ ಹೇಳದೆ, ಬೋರ್ಡಿನ ಬಾಗಿಲನ್ನು ತನ್ನ ಸುರುಳಿಯ ಮೂಲಕ ಸೊನ್ನೆ ವೋಲ್ಟಿಗೆ ಕಟ್ಟಿಹಾಕಿಕೊಂಡಿತ್ತು. ಅದನ್ನು ಕಿತ್ತಾಗ ಆ ಕಟ್ಟೂ ಹೋಯಿತು. ಕೆಪಾಸಿಟರ್ ಹಾಕಿದ ಮೇಲೆ ಅಲ್ಲಿಂದ ಸೊನ್ನೆಗೆ ಒಂದು ರೆಸಿಸ್ಟರ್, ಅಂದರೆ ವಿದ್ಯುತ್ತನ್ನು ತಡೆದು ತಡೆದು ಸಣ್ಣಗೆ ಹರಿಯಬಿಡುವ ತುಂಡು, ಕಟ್ಟಬೇಕಿತ್ತು. ಆಕೆ ಕಟ್ಟಿರಲಿಲ್ಲ. ಹಾಗಾಗಿ ಬೋರ್ಡಿನ ಬಾಗಿಲಿನ ವೋಲ್ಟೇಜು ಗೂಟವಿಲ್ಲದ ದೋಣಿಯಂತೆ ಮೆಲ್ಲಗೆ ಮೇಲಕ್ಕೆ ತೇಲುತ್ತಿತ್ತು, ಬಡಿತಗಳು ಅಲ್ಲೇ ಮೇಲೆ ಕುಣಿಯುತ್ತಿದ್ದವು, ಹೊಸ್ತಿಲ ಹತ್ತಿರವೂ ಬರುತ್ತಿರಲಿಲ್ಲ.

ಮತ್ತೆ ಸ್ಕೋಪು ಹಾಕಿದಾಗ? ಸ್ಕೋಪಿನ ಹೊಟ್ಟೆಯೊಳಗೇ ಒಂದು ರೆಸಿಸ್ಟರ್ ಇದೆ. ತಂತಿ ತಗುಲಿಸಿದ ಕ್ಷಣ ಅದು ಬಾಗಿಲನ್ನು ಸೊನ್ನೆಗೆ ಎಳೆದು ಹಿಡಿಯುತ್ತಿತ್ತು. ಕಾಯಿಲೆ ಏನೆಂದು ನೋಡಲು ಹೋದವಳು ತನಗೇ ಗೊತ್ತಿಲ್ಲದೆ ಮದ್ದು ಕೊಟ್ಟು, ರೋಗಿ ಗಟ್ಟಿಮುಟ್ಟಾಗಿದ್ದಾನೆಂದು ಬರೆದು, ಮದ್ದನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದಿದ್ದಳು. ಅದೂ ಮೂರು ಸಲ. ತಂಪಿನ ಹೊತ್ತಿನಲ್ಲಿ ಬೋರ್ಡಿನ ಮೇಲೆ ಕೂತ ಉಪ್ಪು ಧೂಳು ಪಸೆ ಹಿಡಿದು, ಅದೇ ಒಂದು ಕಳ್ಳದಾರಿಯಾಗಿ ಬಾಗಿಲನ್ನು ಸೊನ್ನೆಗೆ ಕಟ್ಟುತ್ತಿತ್ತು. ಬಟ್ಟೆ ಒಣಗುವ ದಿನ ಆ ಪಸೆಯೂ ಒಣಗುತ್ತಿತ್ತು. ಮೆಲ್ಲಣ್ಣ ಹೇಳಿದ ಒಂದು ಅಕ್ಷರವೂ ಸುಳ್ಳಾಗಿರಲಿಲ್ಲ.

ಅವನು ಏದುಸಿರು ಬಿಡುತ್ತ ಪೆಟ್ಟಿಗೆ ತಂದಿಟ್ಟ. ಮೀಟರಕ್ಕ ತಂತಿ ತಗುಲಿಸಿದಳು. ಮುಳ್ಳು ಎದ್ದು ಕೆಂಪು ಗೆರೆ ದಾಟಿ ಹದಿನಾರಕ್ಕೆ ಹೋಗಿ ನಿಂತಿತು. ಕಿತ್ತಳು. ಕೆಲವು ಕ್ಷಣ ತಡೆದು, ಮುಳ್ಳು ಹಾಗೇ ಕುಸಿದು ಸೊನ್ನೆಗೆ ಬಂತು. ಮತ್ತೆ ಹಾಕಿದಳು, ಮತ್ತೆ ಕಿತ್ತಳು. ಮೂರನೆಯ ಸಲ ಇಬ್ಬರಿಗೂ ನಗು ಬಂತು, ಆಕೆಯ ನಗುವಿನಲ್ಲಿ ಅರ್ಧ ಅಳುವಿತ್ತು.

“ತಮ್ಮಾ, ಇದು ನನ್ನ ಕೆಲಸ. ನಾನೇ ಮಾಡಿದ್ದು.”

“ಈಗ ಸರಿ ಹೋಗುತ್ತಾ ಅಕ್ಕಾ?”

“ಐದು ನಿಮಿಷ.”

ಪೆಟ್ಟಿಗೆಯ ಮೂಲೆಯ ಡಬ್ಬಿಯಲ್ಲಿ ಬಿಡಿಭಾಗಗಳಿದ್ದವು. ಅಕ್ಕಿ ಕಾಳಿಗಿಂತ ತುಸು ಉದ್ದದ ಒಂದು ರೆಸಿಸ್ಟರ್ ಆರಿಸಿ, ಬೆಸುಗೆ ಹಾಕಿದಳು. ಮೂವತ್ತು ವರ್ಷದಲ್ಲಿ ಎಷ್ಟು ಸಾವಿರ ಬೆಸುಗೆ ಹಾಕಿದ್ದಳೋ, ಇದೊಂದನ್ನು ಮಾತ್ರ ಎರಡೆರಡು ಸಲ ಎಳೆದು ನೋಡಿದಳು. ಸ್ಕೋಪಿನ ತಂತಿಯನ್ನು ಸುತ್ತಿ ಒಳಗಿಟ್ಟಳು, ಪೆಟ್ಟಿಗೆ ಮುಚ್ಚಿದಳು, ಅಷ್ಟೂ ಸಾಲದೆಂದು ಪೆಟ್ಟಿಗೆಯನ್ನೇ ಕ್ಯಾಬಿನ್ನಿನ ಹೊರಗಿಟ್ಟಳು. ಮುಳ್ಳು ಹದಿನಾರರ ಆಸುಪಾಸಿನಲ್ಲೇ ಇತ್ತು, ಗಾಳಿ ಏರಿದರೆ ಏರಿತು, ಇಳಿದರೆ ಇಳಿಯಿತು. ಅದನ್ನು ಇಬ್ಬರೂ ಅರ್ಧ ಗಂಟೆ ನೋಡುತ್ತ ಕೂತರು.

ಮೂರು ಗಂಟೆಗೆ ಮ್ಯಾನೇಜರ ಕೋಣೆ. ಮೇಜಿನ ಮೇಲೆ ಮೂರು ನೀಲಿ ಚೀಟಿಗಳನ್ನು ಸಾಲಾಗಿ ಇಟ್ಟಿದ್ದರು. ಸೂಪರ್‌ವೈಸರ್ ಗಂಟಲು ಸರಿಮಾಡಿಕೊಳ್ಳುವ ಮೊದಲೇ ಮೀಟರಕ್ಕ ಎದ್ದು ನಿಂತು, ಬೆಳಿಗ್ಗೆ ಕಂಡದ್ದನ್ನು ಕಂಡ ಹಾಗೆ ಹೇಳಿದಳು. ಮ್ಯಾನೇಜರು ಕೆಟ್ಟವರಲ್ಲ, ಮೀಟರಕ್ಕನ ಮೇಲೆ ಗೌರವವಿದ್ದವರು. ಕನ್ನಡಕ ತೆಗೆದು, ದನಿ ತಗ್ಗಿಸಿ, “ನೋಡಿ, ಇಷ್ಟು ವರ್ಷದ ಹೆಸರು ನಿಮ್ಮದು. ಯಾವುದೋ ಒಂದು ಪಾರ್ಟು ಇವತ್ತು ಕೆಟ್ಟಿತ್ತು, ಸರಿ ಮಾಡಿದೆ ಅಂತ ಬರೀರಿ. ಇವನಿಗೂ ಒಂದು ಎಚ್ಚರಿಕೆ ಪತ್ರ ಕೊಟ್ಟು ಕ್ರೇನಿಗೆ ಕಳಿಸೋಣ. ಯಾರಿಗೂ ನಷ್ಟ ಇಲ್ಲ” ಎಂದರು.

ಒಂದು ಕ್ಷಣ ಮೀಟರಕ್ಕನ ಮನಸ್ಸು ಅತ್ತ ವಾಲಿತು. ಸುಳ್ಳೇಕೆ ಹೇಳಬೇಕು, ವಾಲಿದ್ದು ನಿಜ. ಮೂವತ್ತು ವರ್ಷದ ಹೆಸರೆಂದರೆ ಸುಮ್ಮನೆ ಮಾತಲ್ಲ. ಆಮೇಲೆ ಪಕ್ಕಕ್ಕೆ ತಿರುಗಿದಳು. ಮೆಲ್ಲಣ್ಣ ತಲೆ ತಗ್ಗಿಸಿ ನಿಂತಿದ್ದ.

“ಇವತ್ತು ಕೆಟ್ಟಿದ್ದು ಅಂತ ಬರೆದ್ರೆ, ಆ ಮೂರು ದಿನ ಇವನು ಸುಳ್ಳು ಹೇಳಿದ ಹಾಗೇ ಉಳಿಯುತ್ತಲ್ಲ ಸಾರ್. ಎಚ್ಚರಿಕೆ ಯಾಕೆ ಕೊಡ್ತೀರಿ? ಇವನು ಎಚ್ಚರವಾಗಿದ್ದದ್ದಕ್ಕಾ?”

ಹೀಗೆಂದು ಮೂರು ಚೀಟಿಗಳನ್ನೂ ತನ್ನ ಕಡೆಗೆ ಎಳೆದುಕೊಂಡಳು. ಮೂರರ ಮೇಲೂ ಅಡ್ಡಗೆರೆ ಹೊಡೆದಳು. ಒಂದೊಂದರ ಕೆಳಗೂ, ‘ನಾನು ಮಾಡಿದ ಪರೀಕ್ಷೆ ತಪ್ಪು. ಸ್ಕೋಪು ತಗುಲಿಸಿದಾಗ ಮಾತ್ರ ಮೀಟರು ನಡೆಯುತ್ತಿತ್ತು. ಚಾಲಕ ಹೇಳಿದ್ದು ಸರಿ’ ಎಂದು ಬರೆದು, ಅಂದಿನ ತಾರೀಕು ಹಾಕಿ ಸಹಿ ಮಾಡಿದಳು. ಮ್ಯಾನೇಜರು ಓದಿದರು, ಇನ್ನೊಮ್ಮೆ ಓದಿದರು, ಸೂಪರ್‌ವೈಸರ್‌ನ ಕಡೆಗೆ ದಾಟಿಸಿದರು. ಸೂಪರ್‌ವೈಸರ್ ಓದಿ, ಹುಳ್ಳಗೆ ನಕ್ಕು, “ಮೇಲೆ ಗಾಳಿ ಇತ್ತು ಅಂತ ನನಗೇನು ಕನಸು ಬೀಳುತ್ತಾ?” ಎಂದು ಗೊಣಗಿದ. ಅವನ ಮಟ್ಟಿಗೆ ಅದು ಕ್ಷಮೆ ಕೇಳಿದ ಹಾಗೆಯೇ ಲೆಕ್ಕ. ಎಚ್ಚರಿಕೆ ಪತ್ರವನ್ನು ಮೀಟರಕ್ಕನ ಹೆಸರಿಗೆ ಬರೆದರು. ಮೆಲ್ಲಣ್ಣನ ಕೈಗೆ ಕ್ರೇನಿನ ಬೀಗದ ಕೈ ಬಂತು.

ಇಬ್ಬರೂ ಹೊರಗೆ ಬಂದು ಕ್ರೇನಿನ ಕಡೆಗೆ ನಡೆದರು. ಟೀ ಬಿಡುವಿನ ಹೊತ್ತು. ಸರಪಳಿ ಬಿಗಿಯುವ ಆರು ಜನ ದಿಮ್ಮಿಗಳ ಮೇಲೆ ಕೂತು, ಲೋಟ ಹಿಡಿದು, ಯಾವುದಕ್ಕೋ ಜೋರಾಗಿ ನಗುತ್ತಿದ್ದರು.

“ನನ್ನಿಂದ ನಿನ್ನ ಕೆಲಸ ಹೋಗ್ತಿತ್ತು ತಮ್ಮಾ,” ಎಂದಳು ಮೀಟರಕ್ಕ. “ಕ್ಷಮಿಸು ಅಂತ ಕೇಳೋಕೂ ಮುಖ ಇಲ್ಲ.”

“ಕೆಲಸದ ಭಯಕ್ಕೆ ನಿನ್ನೆ ನಿಮ್ಮ ಹತ್ರ ಬಂದಿದ್ದಲ್ಲ ಅಕ್ಕಾ.” ಅವನು ನಿಂತ. ಗಾಳಿಯ ಸದ್ದಿಗೆ ಮಾತು ಕೇಳದೆ ಆಕೆ ಹತ್ತಿರ ಹೋಗಬೇಕಾಯಿತು. “ಮೂರನೇ ಸಲ ಆಯ್ತಲ್ಲ, ಅವತ್ತು ದಿಮ್ಮಿ ಕೊಕ್ಕೆಗೆ ಹಾಕಿ ಆಗಿತ್ತು. ಕ್ಯಾಬಿನ್ ಅಲ್ಲಾಡ್ತಿದೆ, ಮುಳ್ಳು ಸೊನ್ನೆ. ನಿಮ್ಮ ಎರಡು ಚೀಟಿ ನೆನಪಾಯ್ತು. ಅಕ್ಕ ಸುಳ್ಳು ಬರೆಯೋರಲ್ಲ, ನನಗೇ ಎಲ್ಲೋ ತಲೆ ಸುತ್ತುತ್ತಿರಬೇಕು ಅನ್ನಿಸ್ತು. ಎತ್ತೋ ಲಿವರ್ ಮೇಲೆ ಕೈ ಇಟ್ಟೆ. ಎಳೆಯೋದೊಂದೇ ಬಾಕಿ. ಅವತ್ತು ಹೇಗೋ ಬಿಟ್ಟೆ. ಆಮೇಲೆ ನೀವು ಮೂರನೇದೂ ಬರೆದ್ರಿ. ನಾಲ್ಕನೇ ಸಲ ಆಗಿದ್ರೆ ಎಳೆದೇ ಬಿಡ್ತಿದ್ದೆ. ಅದು ನನಗೆ ಗೊತ್ತಾಗಿಹೋಗಿತ್ತು. ಅದಕ್ಕೇ ಬಂದೆ.”

ಮೀಟರಕ್ಕ ದಿಮ್ಮಿಗಳ ಮೇಲೆ ಕೂತವರ ಕಡೆಗೆ ನೋಡಿದಳು. ಒಬ್ಬ ಲೋಟ ಜಾಲಿಸುತ್ತಿದ್ದ, ಇನ್ನೊಬ್ಬ ಪಕ್ಕದವನ ಬೆನ್ನಿಗೆ ಗುದ್ದಿ ನಗುತ್ತಿದ್ದ. ಅವರನ್ನು ಎಣಿಸಿದಳು. ಆರು. ಮತ್ತೊಮ್ಮೆ ಎಣಿಸಿದಳು. ಆಮೇಲೆ ಮೆಲ್ಲಣ್ಣನ ಎರಡೂ ಕೈಗಳನ್ನು ತನ್ನ ಕೈಗಳಲ್ಲಿ ಹಿಡಿದುಕೊಂಡಳು.

“ನೀನು ಬಂದೆಯಲ್ಲ ತಮ್ಮಾ,” ಎಂದಳು. “ನನ್ನ ಹತ್ರ ಬೈಸಿಕೊಳ್ತೀನಿ ಅಂತ ಗೊತ್ತಿದ್ದೂ ಬಂದೆಯಲ್ಲ.”